ಸಮ್ಮೇಳನದ ವೇದಿಕೆಗೆ ಮಾತುಕತೆಯನ್ನೇ ತರಲು ಬಿಡಿ: ಕಾರ್ಯಕ್ರಮ ಸಮಿತಿಗೊಂದು ಬಹಿರಂಗ ಪತ್ರ

ಮಾನಸಿಕ ಆರೋಗ್ಯ ಮತ್ತು ಆಪ್ತಸಮಾಲೋಚನೆಯ ವೃತ್ತಿ ಸಮ್ಮೇಳನಗಳನ್ನು ನಡೆಸುವ ಕಾರ್ಯಕ್ರಮ ಸಮಿತಿಗಳ ಸದಸ್ಯರಿಗೆ, ಹಾಗೂ ಪರಿಹಾರ ಕೇಂದ್ರಿತ ಚಿಕಿತ್ಸೆಯನ್ನು ನಡೆಸುತ್ತಿರುವ ಸಹೋದ್ಯೋಗಿಗಳಿಗೆ,

ಮಾನ್ಯರೇ,

ಮುಂದಿನ ಸಮ್ಮೇಳನಕ್ಕೆ ಪ್ರಬಂಧಗಳನ್ನು ಆಹ್ವಾನಿಸುವ ಪ್ರಕಟಣೆ ಇನ್ನೂ ಕರಡಿನಲ್ಲಿರುವಾಗಲೇ ಈ ಪತ್ರ ತಮ್ಮ ಕೈಸೇರಲಿ ಎಂದು ಅವಸರದಿಂದ ಬರೆಯುತ್ತಿದ್ದೇನೆ. ನಾನು ಕೇಳಿಕೊಳ್ಳುವುದು ಒಂದೇ ಸಂಗತಿ. ಪರಿಹಾರ ಕೇಂದ್ರಿತ ಚಿಕಿತ್ಸೆಯ (ಸಮಸ್ಯೆಯ ಮೂಲವನ್ನು ಕೆದಕುವ ಬದಲು, ಬಂದವರು ಬಯಸುವ ಬದಲಾವಣೆಯ ಸುತ್ತ ಪ್ರಶ್ನೆಗಳ ಮೂಲಕ ನಡೆಯುವ ಮಾತುಕತೆಯ ಚಿಕಿತ್ಸೆ) ಬಗ್ಗೆ ಹೇಳಲು ಬರುವವರು ತಮ್ಮ ಕೋಣೆಯಲ್ಲಿ ನಡೆದ ಮಾತುಕತೆಯ ಒಂದು ತುಣುಕನ್ನು, ಅದು ನಡೆದ ಹಾಗೆಯೇ, ಸಭೆಯ ಮುಂದಿಡಲು ಸಮಯ ಕೊಡಿ. ಅದನ್ನು ಕೇಳಿದವರು ಅದರ ಮೇಲೆ ಕೂತು ಕೆಲಸ ಮಾಡಲು ಇನ್ನೂ ಸ್ವಲ್ಪ ಸಮಯ ಕೊಡಿ. ಈಗ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುವುದು ಆ ಮಾತುಕತೆಯ ವರದಿಯನ್ನು ಮಾತ್ರ. ವರದಿಯಿಂದ ಈ ಕಸುಬು ಕೈಗೆ ಬರುವುದಿಲ್ಲ ಎಂಬುದನ್ನು ನಾನು ನನ್ನದೇ ಅನುಭವದಿಂದ ಕಲಿತೆ.

ಕೆಲವು ವರ್ಷಗಳ ಹಿಂದೆ ಒಂದು ಸಮ್ಮೇಳನದಲ್ಲಿ ನನಗೆ 20 ನಿಮಿಷ ಸಿಕ್ಕಿತ್ತು. ಖಿನ್ನತೆಯಿಂದ ನರಳುತ್ತಿದ್ದ ಮಹಿಳೆಯೊಬ್ಬರೊಂದಿಗಿನ 4 ಭೇಟಿಗಳ ಕುರಿತು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಸ್ಲೈಡ್‌ಗಳನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಸೊನ್ನೆ ಎಂದರೆ ತೀರಾ ಕೆಟ್ಟ ಸ್ಥಿತಿ, ಹತ್ತು ಎಂದರೆ ತಾವು ಬಯಸುವ ಸ್ಥಿತಿ ಎಂಬ ಅಳತೆಯಲ್ಲಿ ಅವರು ಮೊದಲ ಭೇಟಿಯಲ್ಲಿ ತಮ್ಮನ್ನು 2ರಲ್ಲಿ ಇಟ್ಟುಕೊಂಡಿದ್ದರು, ನಾಲ್ಕನೆಯ ಭೇಟಿಯ ಹೊತ್ತಿಗೆ 6 ಎಂದಿದ್ದರು. ಸ್ಲೈಡಿನಲ್ಲಿ ಎಡದಿಂದ ಬಲಕ್ಕೆ ಏರುವ ಒಂದು ಗೆರೆ, ಅದರ ಕೆಳಗೆ ‘ಅಳತೆಯ ಪ್ರಶ್ನೆ ಬಳಸಿ ಅಪವಾದಗಳನ್ನು ಗುರುತಿಸಲಾಯಿತು’ ಎಂಬ ಒಂದು ಸಾಲು. ಅಪವಾದವೆಂದರೆ ಸಮಸ್ಯೆ ಇಲ್ಲದಿದ್ದ ಅಥವಾ ಕಡಿಮೆಯಿದ್ದ ಗಳಿಗೆ. ಮಾತು ಮುಗಿದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯ ಚಿಕಿತ್ಸಕಿಯೊಬ್ಬರು ಎದ್ದು ನಿಂತು, “ಅವರು ಎರಡು ಎಂದರು. ಆಮೇಲೆ ನೀವು ಏನು ಕೇಳಿದಿರಿ?” ಎಂದರು. ಅಪವಾದಗಳನ್ನು ಹುಡುಕಿದೆ ಎಂದೆ. “ಅದು ಸರಿ, ಯಾವ ಮಾತಿನಲ್ಲಿ ಹುಡುಕಿದಿರಿ?” ಎಂದು ಅವರು ಮತ್ತೆ ಕೇಳಿದರು. ನನಗೆ ನೆನಪಿರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದರು, ಮುಂದಿನವರು ವೇದಿಕೆ ಹತ್ತಿದರು.

ಊರಿಗೆ ಮರಳಿ ಆ ಭೇಟಿಯ ಧ್ವನಿಮುದ್ರಣವನ್ನು ಕೇಳಿದೆ. ಅವರು “ಎರಡು” ಎಂದ ಕೂಡಲೇ ನಾನು ಕೇಳಿದ್ದು, “ಮೂರಕ್ಕೆ ಬರಬೇಕಾದರೆ ಏನಾಗಬೇಕು?” ಎಂದು. ಅದಕ್ಕೆ ಅವರು ಕೊಟ್ಟ ಉತ್ತರ, “ಎರಡು ಅಂದೆನಲ್ಲ.” ಅನಂತರ 11 ಸೆಕೆಂಡುಗಳ ಮೌನ. ಯಾರೋ ಪೆನ್ನನ್ನು ಮೇಜಿನ ಮೇಲಿಟ್ಟ ಸದ್ದು. ಇಟ್ಟವಳು ನಾನೇ ಇರಬೇಕು. ಆಮೇಲೆ ನನ್ನ ಧ್ವನಿ, ಮೊದಲಿಗಿಂತ ತಗ್ಗಿದ ದನಿಯಲ್ಲಿ: “ಹೌದು, ಎರಡು ಅಂದಿರಿ. ಸೊನ್ನೆಗೆ ಇಳಿಯದೆ ಎರಡರಲ್ಲಿ ನಿಂತಿದ್ದು ಹೇಗೆ?”

“ನಿಂತಿದ್ದು... ಇವತ್ತು ಬೆಳಿಗ್ಗೆ ಕಿಟಕಿ ತೆಗೆದೆ.”

“ಕಿಟಕಿ ತೆಗೆದಿರಿ.”

“ಹ್ಞೂಂ. ಒಂದು ವಾರದಿಂದ ತೆಗೆದಿರಲಿಲ್ಲ.”

“ಮತ್ತೇನು?”

“ಗಿಡಕ್ಕೆ ನೀರು ಹಾಕಿದೆ. ಅರ್ಧ ಒಣಗಿಹೋಗಿತ್ತು.”

ಸಭೆಗೆ ನಾನು ಹೇಳಬೇಕಾಗಿದ್ದುದು ಇದನ್ನು. ನನ್ನ ಮೊದಲ ಪ್ರಶ್ನೆ ಅವರ ಎರಡನ್ನು ದಾಟಿಕೊಂಡು ಮುಂದೋಡಿತ್ತು. ಅವರು ಅದನ್ನು ತಡೆದು, ತಾವು ಹೇಳಿದ ಅಂಕಿಯ ಬಳಿಗೆ ನನ್ನನ್ನು ವಾಪಸು ಕರೆತಂದರು. ಅಲ್ಲಿ ನಿಂತ ಮೇಲೆಯೇ ಕಿಟಕಿಯೂ ಗಿಡವೂ ಕಾಣಿಸಿದವು. ನನ್ನ ನೆನಪು ಈ ಎಡವುವಿಕೆಯನ್ನು ಅಳಿಸಿಹಾಕಿ, ಪಠ್ಯಪುಸ್ತಕದಲ್ಲಿರುವಂತೆ ನೇರಗೊಳಿಸಿ, ಸ್ಲೈಡಿಗೆ ಕಳಿಸಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ನನ್ನನ್ನು ಕೇಳಿ ಹೋದ ಕಿರಿಯ ಸಹೋದ್ಯೋಗಿಯೊಬ್ಬರು ಮರುದಿನ ತಮ್ಮೆದುರು ಕುಳಿತವರು “ಎರಡು” ಎಂದಾಗ ಏನು ಮಾಡಬೇಕೆಂಬುದನ್ನು ನನ್ನ 20 ನಿಮಿಷಗಳಿಂದ ಕಲಿತಿರಲು ಸಾಧ್ಯವೇ ಇರಲಿಲ್ಲ.

ಈ ಚಿಕಿತ್ಸೆ ಹುಟ್ಟಿದ ಬಗೆಯನ್ನು ನೆನೆದರೆ ನನ್ನ ಕೋರಿಕೆ ಹೊಸದೇನೂ ಅಲ್ಲವೆಂದು ತಮಗೆ ಅನಿಸೀತು. ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ಮತ್ತು ಅವರ ಸಂಗಡಿಗರು 1978ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಬ್ರೀಫ್ ಫ್ಯಾಮಿಲಿ ಥೆರಪಿ ಸೆಂಟರ್ ಆರಂಭಿಸಿದಾಗ ಅವರ ಬಳಿ ಸಿದ್ಧವಾದ ಸಿದ್ಧಾಂತವಿರಲಿಲ್ಲ. ಒಂದು ಬದಿಯಿಂದ ಮಾತ್ರ ಕಾಣುವ ಗಾಜು ಮತ್ತು ಅದರ ಹಿಂದೆ ಕುಳಿತು ನೋಡುವ ತಂಡವಿತ್ತು. ಚಿಕಿತ್ಸಕರು ನಡುವೆ ಎದ್ದು ಬಂದು ತಂಡದೊಡನೆ ಮಾತಾಡಿ, ಮತ್ತೆ ಒಳಗೆ ಹೋಗಿ ಮೆಚ್ಚುಗೆಯ ಮಾತುಗಳನ್ನೂ ಮಾಡಿ ನೋಡಲು ಒಂದು ಸಲಹೆಯನ್ನೂ ಹೇಳುತ್ತಿದ್ದರು. 1982ರ ಸುಮಾರಿಗೆ ಕುಟುಂಬವೊಂದು 27 ಸಮಸ್ಯೆಗಳನ್ನು ಹೇಳಿಕೊಂಡು ಬಂತು. ಅವುಗಳಲ್ಲಿ ಯಾವುದೂ ಖಚಿತವಾದ ರೂಪಕ್ಕೆ ಬಾರದೆ, ಎಲ್ಲಿಂದ ಹಿಡಿಯಬೇಕೆಂದು ತಿಳಿಯದ ತಂಡ, ಮುಂದಿನ ಭೇಟಿಯವರೆಗೆ ಮನೆಯಲ್ಲಿ ನಡೆಯುವುದರಲ್ಲಿ ಯಾವುದು ಹೀಗೆಯೇ ಮುಂದುವರಿಯಲಿ ಎನಿಸುತ್ತದೋ ಅದನ್ನು ಗಮನಿಸಿ ಬನ್ನಿ ಎಂದಷ್ಟೇ ಹೇಳಿ ಕಳಿಸಿತು. ಮರಳಿ ಬಂದ ಕುಟುಂಬ ಅಂಥ ಸಂಗತಿಗಳ ಪಟ್ಟಿಯನ್ನೇ ಮುಂದಿಟ್ಟಿತು, ಪರಿಸ್ಥಿತಿ ಸುಧಾರಿಸಿದೆ ಎಂದಿತು. ಇದೇ ಕೆಲಸವನ್ನು ಬೇರೆಯವರಿಗೂ ಕೊಟ್ಟು, ಗಾಜಿನ ಹಿಂದೆ ಕೂತು, ಏನಾಗುತ್ತದೆಂದು ನೋಡುತ್ತ ಹೋದರು. ಪವಾಡದ ಪ್ರಶ್ನೆಯ ಹುಟ್ಟೂ ಇಂಥದ್ದೇ. ಪವಾಡವೇ ನಡೆಯಬೇಕಷ್ಟೆ ಎಂದು ಬೇಸತ್ತು ನುಡಿದ ಮಹಿಳೆಯೊಬ್ಬರ ಮಾತನ್ನು ಬರ್ಗ್ ಪಕ್ಕಕ್ಕೆ ಸರಿಸದೆ, ಸರಿ, ಅದು ನಡೆದರೆ ಏನೇನು ಬೇರೆಯಾಗಿರುತ್ತದೆ ಎಂದು ಕೇಳಿದರು. ಆ ಮಹಿಳೆಯ ಮಾತನ್ನು ಯಾರಾದರೂ ‘ಕ್ಲೈಂಟ್ ಹತಾಶೆ ವ್ಯಕ್ತಪಡಿಸಿದರು’ ಎಂದು ಬರೆದುಕೊಂಡಿದ್ದರೆ ಆ ಪ್ರಶ್ನೆ ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ.

ಮುಂದೆಯೂ ಡಿ ಶೇಜರ್ ಮತ್ತು ಬರ್ಗ್ ಹೋದಲ್ಲೆಲ್ಲ ಸೆಷನ್‌ಗಳ ವಿಡಿಯೊ ತೋರಿಸಿಯೇ ಕಲಿಸಿದರು. 1989ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಬ್ರೀಫ್’ ತಂಡದವರು ತಮ್ಮ ಕೆಲಸವನ್ನು ತಾವೇ ಮತ್ತೆ ಮತ್ತೆ ನೋಡುತ್ತ, ಭೇಟಿಯ ಕೊನೆಯಲ್ಲಿ ಸಲಹೆ ಕೊಡುವ ಮಿಲ್ವಾಕಿಯ ರೂಢಿಯನ್ನು ಕ್ರಮೇಣ ಬಿಟ್ಟುಕೊಟ್ಟು, ‘ಇಲ್ಲಿಗೆ ಬಂದದ್ದರಿಂದ ಏನಾಗಲಿ ಎಂದು ನೀವು ಅತ್ಯಂತ ಆಶಿಸುತ್ತೀರಿ’ ಎಂಬ ಪ್ರಶ್ನೆಯನ್ನು ಭೇಟಿಯ ಬಾಗಿಲಿಗೇ ತಂದರು. ಡಿ ಶೇಜರ್ 2005ರಲ್ಲಿ, ಬರ್ಗ್ 2007ರಲ್ಲಿ ತೀರಿಕೊಂಡರು. ಅವರ ಬಳಿಯೇ ಕೂತು ನೋಡುವ ಅವಕಾಶ ಈಗ ಯಾರಿಗೂ ಇಲ್ಲ; ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಬಹುದಾದ ಜಾಗಗಳಲ್ಲಿ ಸಮ್ಮೇಳನವೇ ದೊಡ್ಡದು.

ಸಮಿತಿಯಲ್ಲಿರುವ ಸಂಶೋಧಕರು ಇಲ್ಲೊಂದು ಆಕ್ಷೇಪವೆತ್ತಬಹುದು: ಒಂದು ಮಾತುಕತೆಯ ತುಣುಕು ಯಾವುದಕ್ಕೂ ಪುರಾವೆಯಾಗುವುದಿಲ್ಲ. ನಿಜ, ಪುರಾವೆಯಾಗಿ ಅದನ್ನು ಯಾರೂ ತರಬಾರದು. ಪುರಾವೆ ಬೇಕಾದವರಿಗೆ ಗಿಂಗರಿಚ್ ಮತ್ತು ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪರಿಶೀಲನೆ ಇದೆ. ಅವರು ಹೋಲಿಕೆಯ ಗುಂಪುಗಳಿದ್ದ 43 ಅಧ್ಯಯನಗಳನ್ನು ನೋಡಿ, 32ರಲ್ಲಿ, ಅಂದರೆ ಶೇ. 74ರಲ್ಲಿ, ಗಣನೀಯವಾದ ಒಳ್ಳೆಯ ಪರಿಣಾಮವನ್ನು ಕಂಡರು. ವಯಸ್ಕರ ಖಿನ್ನತೆಯ ವಿಷಯದಲ್ಲಿ ಆಧಾರ ಹೆಚ್ಚು ಗಟ್ಟಿಯಾಗಿತ್ತು. ಇಂಥ ಪ್ರಬಂಧಗಳಿಗೆ ಈಗ ಇರುವ ಗೋಷ್ಠಿಗಳು ಹಾಗೆಯೇ ಇರಲಿ. ಅವು ಈ ಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂಬುದಕ್ಕೆ ಉತ್ತರ ಕೊಡುತ್ತವೆ. ಸೋಮವಾರ ಬೆಳಿಗ್ಗೆ ಕೋಣೆಯಲ್ಲಿ ಕೂತವರಿಗೆ ಬೇಕಾದ ಇನ್ನೊಂದು ಉತ್ತರ, ಅಂದರೆ ಈಗ ನನ್ನ ಬಾಯಿಂದ ಬರಬೇಕಾದ ಮುಂದಿನ ವಾಕ್ಯ ಯಾವುದು ಎಂಬುದು, ಅವುಗಳಲ್ಲಿಲ್ಲ.

ಹಾಗೆಂದು ಮಾತನ್ನು ಹತ್ತಿರದಿಂದ ನೋಡುವುದು ಅಶಾಸ್ತ್ರೀಯವೇನೂ ಅಲ್ಲ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜ್ಯಾನೆಟ್ ಬವೆಲಾಸ್ ಮತ್ತು ಅವರ ಸಹೋದ್ಯೋಗಿಗಳು ಚಿಕಿತ್ಸೆಯ ವಿಡಿಯೊಗಳನ್ನು ಒಂದೊಂದು ಮಾತಾಗಿ ಬಿಡಿಸಿ ನೋಡಿದರು. ಎದುರಿನವರು ಹೇಳಿದ್ದನ್ನು ಚಿಕಿತ್ಸಕರು ತಿರುಗಿ ಹೇಳುವಾಗ ಏನನ್ನು ಉಳಿಸುತ್ತಾರೆ, ಏನನ್ನು ಬಿಡುತ್ತಾರೆ, ತಮ್ಮ ಕಡೆಯಿಂದ ಏನನ್ನು ಸೇರಿಸುತ್ತಾರೆ ಎಂದು ಲೆಕ್ಕ ಹಾಕಿದಾಗ, ಪರಿಹಾರ ಕೇಂದ್ರಿತ ಚಿಕಿತ್ಸಕರು ಬೇರೆ ಪದ್ಧತಿಗಳವರಿಗಿಂತ ಎದುರಿನವರ ಪದಗಳನ್ನೇ ಹೆಚ್ಚಾಗಿ ಉಳಿಸಿಕೊಳ್ಳುತ್ತಾರೆ, ತಮ್ಮ ವ್ಯಾಖ್ಯಾನವನ್ನು ಕಡಿಮೆ ಬೆರೆಸುತ್ತಾರೆ ಎಂಬುದು ಕಂಡುಬಂತು. ಮೇಲಿನ ಮಾತುಕತೆಯಲ್ಲಿ ನಾನು “ಕಿಟಕಿ ತೆಗೆದಿರಿ” ಎಂದೆ. “ಅಂದರೆ ಸ್ವಲ್ಪ ಉತ್ಸಾಹ ಬಂತು” ಎಂದಿದ್ದರೆ ಅದು ನನ್ನ ಮಾತಾಗುತ್ತಿತ್ತು, ಅದನ್ನು ಅವರು ಒಪ್ಪಬೇಕೋ ಬೇಡವೋ ಎಂಬ ಹೊರೆ ಅವರ ಮೇಲೆ ಬೀಳುತ್ತಿತ್ತು. ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಬಿದ್ದರೆ ಮಾತ್ರ ತಿಳಿಯುತ್ತದೆ.

ಅಣಕು ಭೇಟಿ ಮಾಡಿ ತೋರಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅಭ್ಯಾಸಕ್ಕೆ ಅದು ಒಳ್ಳೆಯದೇ, ನಾನೂ ಮಾಡಿಸುತ್ತೇನೆ. ಆದರೆ ನೆರವು ಕೇಳಿ ಬಂದವರ ಪಾತ್ರ ವಹಿಸುವ ಸಹೋದ್ಯೋಗಿಗೆ ಪವಾಡದ ಪ್ರಶ್ನೆ ಎತ್ತ ಕರೆದೊಯ್ಯುತ್ತದೆಂಬುದು ಮೊದಲೇ ಗೊತ್ತಿರುತ್ತದೆ. ಅವರು ಎರಡನೆಯ ನಿಮಿಷಕ್ಕೇ ಮೃದುವಾಗುತ್ತಾರೆ, ಐದನೆಯ ನಿಮಿಷಕ್ಕೆ ಬೆಳಗಿನ ಕಾಫಿಯನ್ನೂ ಮಗಳ ನಗುವನ್ನೂ ಬಣ್ಣಿಸತೊಡಗುತ್ತಾರೆ. ನಿಜವಾಗಿ ನೊಂದವರು “ಗೊತ್ತಿಲ್ಲ” ಎನ್ನುತ್ತಾರೆ, “ಹಾಗೆಲ್ಲ ಆಗಲ್ಲ ಬಿಡಿ” ಎನ್ನುತ್ತಾರೆ, ಕೆಲವೊಮ್ಮೆ ಸಿಟ್ಟಾಗುತ್ತಾರೆ. “ಗೊತ್ತಿಲ್ಲ” ಎಂಬುದರ ಮುಂದೆ ಸುಮ್ಮನಿದ್ದು ಕಾಯುವುದನ್ನು ಅಣಕು ಭೇಟಿಯಲ್ಲಿ ನಾನು ಒಮ್ಮೆಯೂ ಕಲಿತಿಲ್ಲ.

ಆದ್ದರಿಂದ ನನ್ನ ಇನ್ನೊಂದು ಕಳಕಳಿ, ಏನೂ ಕೂಡಿಬಾರದ ಭೇಟಿಗಳ ಬಗ್ಗೆ. ಸಾರಾಂಶ ಸಲ್ಲಿಸುವ ನಮೂನೆಯಲ್ಲಿ ‘ಫಲಿತಾಂಶ’ ಎಂಬ ಅಂಕಣವಿರುವಾಗ ಸೋತ ಭೇಟಿಯನ್ನು ಯಾರು ತಾನೇ ಕಳಿಸುತ್ತಾರೆ? ವರ್ಷ ವರ್ಷವೂ ಮೂರು ಭೇಟಿಗಳಲ್ಲಿ ಚೇತರಿಸಿಕೊಂಡವರ ಕಥೆಗಳೇ ಸಭೆಗೆ ಬರುತ್ತವೆ. ಅವನ್ನು ಕೇಳಿದ ಹೊಸಬರು, ತಮ್ಮೆದುರಿನವರು ಅಳುತ್ತಿರುವಾಗಲೂ “ಯಾವಾಗ ಚೆನ್ನಾಗಿತ್ತು ಹೇಳಿ” ಎಂದು ಒತ್ತಾಯಿಸತೊಡಗುತ್ತಾರೆ. ಪರಿಹಾರದ ಮೇಲೆ ಗಮನವಿಡುವುದು ಪರಿಹಾರವನ್ನು ಹೇರುವುದಾಗಿ ಕೆಡುವುದು ಹೀಗೆ. ಈ ಚಿಕಿತ್ಸೆ ನೋವಿಗೆ ಕಿವಿಗೊಡುವುದಿಲ್ಲ ಎಂಬ ಟೀಕೆ ಮೊದಲಿನಿಂದಲೂ ಇದೆ. ನಾವು ತೋರಿಸುವುದನ್ನು ಮಾತ್ರ ನೋಡಿದವರಿಗೆ ಹಾಗೆ ಅನಿಸಿದರೆ ಅದು ಅವರ ತಪ್ಪೆಂದು ನಾನು ಹೇಳಲಾರೆ. ಭೇಟಿಯ ಆರಂಭದಲ್ಲಿ “ಹೋದ ಸಲದಿಂದೀಚೆಗೆ ಏನು ಸುಧಾರಿಸಿದೆ?” ಎಂದು ಕೇಳಿ, “ಏನೂ ಇಲ್ಲ, ಇನ್ನೂ ಕೆಟ್ಟಿದೆ” ಎಂಬ ಉತ್ತರ ಬಂದಾಗ, “ಇಷ್ಟೆಲ್ಲದರ ನಡುವೆ ನೀವು ದಿನ ದೂಡಿದ್ದಾದರೂ ಹೇಗೆ?” ಎಂದು ಕೇಳುವುದೂ ಇದೇ ಪದ್ಧತಿಯೊಳಗಿನ ಪ್ರಶ್ನೆ. ಆ ಪ್ರಶ್ನೆಯನ್ನು ಯಾವ ದನಿಯಲ್ಲಿ, ಎಷ್ಟು ಹೊತ್ತು ಕೇಳಿಸಿಕೊಂಡ ಮೇಲೆ ಕೇಳಬೇಕು ಎಂಬುದೇ ಅದರ ಜೀವ. ‘ಫಲಿತಾಂಶ’ದ ಬದಲಿಗೆ ನಮೂನೆಯಲ್ಲಿ ‘ಸಭೆಯ ಮುಂದಿಡುವ ಮಾತುಕತೆಯ ಅವಧಿ’ ಮತ್ತು ‘ಇದರಲ್ಲಿ ನಿಮಗೇ ಇನ್ನೂ ತಿಳಿಯದಿರುವುದು ಏನು’ ಎಂಬ ಎರಡು ಸಾಲುಗಳಿದ್ದರೆ ಬರುವ ಅರ್ಜಿಗಳೇ ಬೇರೆಯಾಗುತ್ತವೆ.

ಸಮಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 20 ನಿಮಿಷಗಳ ನಾಲ್ಕು ಪ್ರಬಂಧಗಳ ಜಾಗದಲ್ಲಿ 90 ನಿಮಿಷಗಳ ಒಂದು ಅವಧಿ ಸಾಕು. ಮಾತುಕತೆಗೆ 7 ಅಥವಾ 8 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಉಳಿದದ್ದು ಸಭೆಯವರದು: ಒಂದು ಪ್ರಶ್ನೆಯ ಬಳಿ ನಿಲ್ಲಿಸಿ, ಮೂವರು ಮೂವರಾಗಿ ಕೂತು, ತಾವಾಗಿದ್ದರೆ ಏನು ಕೇಳುತ್ತಿದ್ದೆವೆಂದು ಒಬ್ಬರು ಕೇಳಿ, ಒಬ್ಬರು ಉತ್ತರಿಸಿ, ಒಬ್ಬರು ಗಮನಿಸಿ, ಅನಂತರ ಮುಂದಿನ ಭಾಗವನ್ನು ಕೇಳುವುದು.

ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಾದದ್ದು ಆ ಮಾತುಗಳ ಒಡೆಯರ ವಿಷಯದಲ್ಲಿ. ನಮ್ಮಿಂದ ನೆರವು ಪಡೆದವರಿಗೆ ನಮ್ಮ ಮುಖ ನೋಡಿಕೊಂಡು ‘ಬೇಡ’ ಎನ್ನುವುದು ಕಷ್ಟ. ಅವರ ಹೌದು ಎಷ್ಟೋ ಸಲ ಕೃತಜ್ಞತೆಯ ಹೌದು. ಆದ್ದರಿಂದ ಒಪ್ಪಿಗೆಯನ್ನು ಭೇಟಿಗಳೆಲ್ಲ ಮುಗಿದ ಮೇಲೆ, ಸಾಧ್ಯವಾದರೆ ಚಿಕಿತ್ಸಕರ ಬದಲು ಬೇರೊಬ್ಬರು ಕೇಳಬೇಕು. ಚಿಕಿತ್ಸೆಯ ಆರಂಭದಲ್ಲಿ ಸಹಿ ಹಾಕಿಸಿಕೊಂಡ ಸಾಮಾನ್ಯ ಒಪ್ಪಿಗೆ ಪತ್ರವನ್ನು ಇದಕ್ಕೆ ಎಳೆದು ತರಬಾರದು. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಸಭೆಯ ಮುಂದಿಡುತ್ತೇವೆಂಬುದನ್ನು ಅವರಿಗೆ ಓದಲು ಕೊಡಬೇಕು, ಬೇಡವೆನಿಸಿದ ಮಾತನ್ನು ಹೊಡೆದುಹಾಕುವ ಅಧಿಕಾರ ಅವರದಾಗಿರಬೇಕು, ಸಭೆಯ ಹಿಂದಿನ ರಾತ್ರಿ ಮನಸ್ಸು ಬದಲಾಯಿಸಿದರೂ ಕಾರಣ ಕೇಳದೆ ಒಪ್ಪಬೇಕು. ಕೊನೆಯ ಗಳಿಗೆಯಲ್ಲಿ ಹೀಗೆ ಕೈಬಿಟ್ಟುಹೋದ ಪ್ರಸ್ತುತಿಯನ್ನು ಶಿಸ್ತು ತಪ್ಪಿದಂತೆ ಎಣಿಸುವುದಿಲ್ಲವೆಂದು ಸಮಿತಿಯು ಮೊದಲೇ ಪ್ರಕಟಿಸಿದರೆ, ಒಪ್ಪಿಗೆ ಹಿಂಪಡೆಯುವವರ ಮೇಲೆ ನಮ್ಮ ಮುಜುಗರದ ಒತ್ತಡ ಬೀಳುವುದು ತಪ್ಪುತ್ತದೆ.

ಧ್ವನಿಯಿಂದ ಗುರುತು ಸಿಗುವ ಭಯವೂ ಸಣ್ಣದಲ್ಲ, ಸಭೆಯಲ್ಲಿ ಯಾರ ಪರಿಚಯದವರು ಯಾರಿರುತ್ತಾರೋ ಹೇಳಲಾಗದು. ಇದಕ್ಕೆ ನಾವು ಕೆಲವು ಸಹೋದ್ಯೋಗಿಗಳು ಸೇರಿ ಒಂದು ದಾರಿ ಕಂಡುಕೊಂಡಿದ್ದೇವೆ. ಧ್ವನಿಮುದ್ರಣವನ್ನು ಕೇಳಿಸುವುದಿಲ್ಲ. ಅದನ್ನು ಅಕ್ಷರಕ್ಕಿಳಿಸಿ, ಊರು, ಉದ್ಯೋಗ, ಮನೆಯವರ ವಿವರಗಳನ್ನು ಬದಲಿಸಿ, ಇಬ್ಬರು ಎದುರುಬದುರು ಕೂತು ಓದುತ್ತೇವೆ. ಮೌನಗಳನ್ನೂ ಸೆಕೆಂಡುಗಳಲ್ಲಿ ಗುರುತು ಹಾಕಿಕೊಂಡು ಅಷ್ಟೇ ಹೊತ್ತು ಸುಮ್ಮನಿರುತ್ತೇವೆ. 11 ಸೆಕೆಂಡು ಎಷ್ಟು ದೀರ್ಘವೆಂಬುದು ಒಂದು ಸಭೆಗೆ ಸಭೆಯೇ ಕೂತು ಅನುಭವಿಸಿದಾಗ ಗೊತ್ತಾಗುತ್ತದೆ. ಮೊದಲ ಸಲ ಹೀಗೆ ಓದಿದಾಗ ಏಳನೆಯ ಸೆಕೆಂಡಿಗೇ ಯಾರೋ ತಡೆಯಲಾರದೆ ಕೆಮ್ಮಿದರು. ಅವರೇ ಆಮೇಲೆ ಎದ್ದು, ತಾವು ತಮ್ಮ ಕೋಣೆಯಲ್ಲಿ ಯಾರಿಗೂ ಇಷ್ಟು ಹೊತ್ತು ಕೊಟ್ಟಿಲ್ಲವೆಂದು ಹೇಳಿದರು. ಸಭಾಂಗಣದಲ್ಲಿ ಫೋನುಗಳನ್ನು ಹೊರಗಿಡಿಸುವುದು, ಓದಿದ ಹಾಳೆಗಳನ್ನು ಎಣಿಸಿ ವಾಪಸು ಪಡೆಯುವುದು ಸಂಘಟಕರ ಜವಾಬ್ದಾರಿಯಾಗಲಿ.

ಕೇಳುವವರ ಪಾಲಿಗೂ ಒಂದು ಕ್ರಮ ಬೇಕು. ಪ್ರಶ್ನೋತ್ತರದ ಹೆಸರಿನಲ್ಲಿ ಮೊದಲು ಏಳುವ ಕೈ ಸಾಮಾನ್ಯವಾಗಿ ತಪ್ಪು ಹಿಡಿಯುವ ಕೈ, ಎರಡನೆಯದು ಬರಿದೇ ಹೊಗಳುವ ಕೈ. ಎರಡರಿಂದಲೂ ಯಾರಿಗೂ ಏನೂ ಸಿಗುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಪರಿಹಾರ ಕೇಂದ್ರಿತ ಗುಂಪೊಂದು ರೂಪಿಸಿದ ಪದ್ಧತಿಯಲ್ಲಿ ಮಂಡಿಸುವವರು ತಮಗೆ ಯಾವುದರಲ್ಲಿ ನೆರವು ಬೇಕೆಂದು ಮೊದಲು ಹೇಳುತ್ತಾರೆ. ಉಳಿದವರು ಸ್ಪಷ್ಟನೆಯ ಪ್ರಶ್ನೆಗಳನ್ನು ಮಾತ್ರ ಕೇಳುತ್ತಾರೆ. ಆಮೇಲೆ ಆ ಕೆಲಸದಲ್ಲಿ ತಮಗೆ ಮೆಚ್ಚುಗೆಯಾದದ್ದನ್ನು ಹೆಸರಿಸಿ, ಅನಂತರವೇ ತಮ್ಮ ಯೋಚನೆಗಳನ್ನು ಒಬ್ಬೊಬ್ಬರಾಗಿ ಮುಂದಿಡುತ್ತಾರೆ. ಮಂಡಿಸಿದವರು ಅದನ್ನು ಸುಮ್ಮನೆ ಕೇಳಿಸಿಕೊಂಡು, ಕೊನೆಯಲ್ಲಿ ತಾವು ಏನನ್ನು ಎತ್ತಿಕೊಳ್ಳುತ್ತೇವೆಂದು ಹೇಳುತ್ತಾರೆ. ಇಲ್ಲಿ ಮೆಚ್ಚುಗೆ ಎಂದರೆ ‘ತುಂಬ ಚೆನ್ನಾಗಿತ್ತು’ ಎಂಬ ಮಾತಲ್ಲ. ‘ಎರಡು ಅಂದೆನಲ್ಲ ಎಂದು ಅವರು ತಡೆದಾಗ ನೀವು ವಾದಿಸಲಿಲ್ಲ’ ಎಂಬಂತೆ, ನಡೆದದ್ದನ್ನು ಬೆರಳಿಟ್ಟು ತೋರಿಸುವ ಮಾತು. ಅಂದು ನನ್ನನ್ನು ಪ್ರಶ್ನಿಸಿದ ಆ ಹಿರಿಯರಿಗೆ ಇಂಥ ಒಂದು ಅವಧಿಯಲ್ಲಿ ಉತ್ತರಿಸಲು ಸಿಕ್ಕಿದ್ದರೆ ನಾನು ಎಷ್ಟೋ ಮೊದಲೇ ಕಲಿಯುತ್ತಿದ್ದೆ.

ತಮ್ಮ ಮುಂದಿನ ಸಮ್ಮೇಳನಕ್ಕೆ ನಾನು 90 ನಿಮಿಷಗಳ ಅವಧಿ ಕೋರಿ ಅರ್ಜಿ ಸಲ್ಲಿಸುತ್ತಿದ್ದೇನೆ. ಮಂಡಿಸಲಿರುವುದು ಅದೇ ಮಹಿಳೆಯೊಂದಿಗಿನ ಎರಡನೆಯ ಭೇಟಿಯ 7 ನಿಮಿಷಗಳನ್ನು. ಏರುಗೆರೆಯ ಸ್ಲೈಡಿನಲ್ಲಿ ನಾನು ಹೇಳದೆ ದಾಟಿದ್ದ ಭೇಟಿ ಅದು, ಅವರು ಅಂದು 1 ಎಂದಿದ್ದರು. ಅವರನ್ನು ಈ ಬಾರಿ ನನ್ನ ಸಹೋದ್ಯೋಗಿಯೊಬ್ಬರು ಭೇಟಿಯಾಗಿ, ಹಾಳೆಗಳನ್ನು ಕೊಟ್ಟು, ವಾರ ಬಿಟ್ಟು ಮತ್ತೆ ಹೋಗಿ ಕೇಳಿಬಂದರು. ಧ್ವನಿ ಬೇಡ, ಓದುವುದಾದರೆ ಓದಿ ಎಂದು ಅವರು ಒಪ್ಪಿದ್ದಾರೆ. ಹಾಳೆಯಲ್ಲಿ ಎರಡು ಸಾಲುಗಳನ್ನು ಹೊಡೆದುಹಾಕಿದ್ದಾರೆ, ಏಕೆಂದು ನಾವು ಕೇಳಿಲ್ಲ. ಆ ಸಾಲುಗಳಿದ್ದ ಜಾಗ ಬಂದಾಗ ಓದುವ ಇಬ್ಬರೂ ಅಷ್ಟು ಹೊತ್ತು ತಡೆದು, ಮುಂದಿನ ಸಾಲಿಗೆ ಹೋಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಪ್ತಸಮಾಲೋಚಕಿ